ಎಡ, ಬಲ, ನಡುವೆ

ನಾನು ಕೆಲಸ ಮಾಡುವ ಧಾರವಾಡದ ಆಸ್ಪತ್ರೆಯ ಹಿಂದಿನ ಹುಲ್ಲಿಗೆ ಕಳೆದ ತಿಂಗಳು ಮೊದಲ ಸಲ ಶುದ್ಧೀಕರಿಸಿದ ಕೊಳಚೆ ನೀರು ಬಿಟ್ಟರು. ಸಂಜೆಯ ಹೊತ್ತು, ಕಿಟಕಿ ತೆರೆದಿತ್ತು. ರೋಗಿಯೊಬ್ಬರ ಭುಜವನ್ನು ಮೆಲ್ಲಗೆ ಎತ್ತಿ ಇಳಿಸುತ್ತಿದ್ದೆ. ಸ್ವಲ್ಪ ಗಂಧಕ, ಸ್ವಲ್ಪ ಕ್ಲೋರಿನ್, ಅದರಡಿಯಲ್ಲಿ ಒದ್ದೆ ಮಣ್ಣು ಬೆರೆತ ವಾಸನೆ ಒಳಗೆ ಬಂತು. ರೋಗಿ ಮೂಗಿಗೆ ಸೆರಗು ಹಿಡಿದರು. ನನಗೆ ಅದು ಕೆಟ್ಟ ವಾಸನೆ ಅನ್ನಿಸಲಿಲ್ಲ. ದುಬೈಯ ಹಸಿರೆಲ್ಲ ಅಂಥ ನೀರು ಕುಡಿದೇ ಬೆಳೆಯುವುದು. ಹೊತ್ತು ಇಳಿಯುತ್ತಿದ್ದಂತೆ ಹುಲ್ಲಿನ ನಡುವಿನಿಂದ ಸಣ್ಣ ಕೊಳವೆಗಳು ತಾವಾಗಿ ತಲೆಯೆತ್ತಿ ನೀರು ಚಿಮ್ಮಿಸುತ್ತವೆ. ಒಂದು ಚಳಿಗಾಲವಿಡೀ ನಾನು ಆ ವಾಸನೆಯಲ್ಲಿ ಕುಳಿತು ಹುಡುಗರ ಪಾದಗಳಿಗೆ ಪಟ್ಟಿ ಸುತ್ತಿದ್ದೆ.

ಆಗ ನಮ್ಮ ಮನೆ ದುಬೈಯ ಮಿರ್ದಿಫ್‌ನಲ್ಲಿತ್ತು. ನಾನು ದುಬೈಯ ವಿಶ್ವವಿದ್ಯಾಲಯವೊಂದರಲ್ಲಿ ಫಿಜಿಯೊಥೆರಪಿ ಓದುತ್ತಿದ್ದೆ. ಮೂರನೆಯ ವರ್ಷದಲ್ಲಿ ಪ್ರತಿಯೊಬ್ಬರೂ ಒಂದು ಕ್ರೀಡಾ ತಂಡದ ಜೊತೆ ಒಂದು ಋತು ಕೆಲಸ ಮಾಡಬೇಕಿತ್ತು. ಈಜು, ಬ್ಯಾಡ್ಮಿಂಟನ್, ಹುಡುಗಿಯರ ಬಾಸ್ಕೆಟ್‌ಬಾಲ್ ಎಲ್ಲವೂ ಮೊದಲು ಕೇಳಿದವರ ಪಾಲಾದವು. ಕೇಳುವುದರಲ್ಲಿ ನಾನು ಯಾವಾಗಲೂ ಹಿಂದೆ. ನನಗೆ ಉಳಿದದ್ದು ಅಮೆರಿಕನ್ ಫುಟ್‌ಬಾಲ್.

“ಫುಟ್‌ಬಾಲ್ ಅಂತಿ, ಕೈಯಾಗ ಹಿಡ್ಕೊಂಡು ಓಡತಾರಲ್ಲವಾ,” ಎಂದರು ಅಪ್ಪ, ಫೋನಿನಲ್ಲಿ ಒಂದು ತುಣುಕು ನೋಡಿ.

ಅಮ್ಮ ಅವರ ಹೆಗಲ ಮೇಲಿಂದ ಇಣುಕಿದಳು. “ಇದು ಆಟ ಅಲ್ಲ, ಬಡದಾಟ. ನಿಂದೇನ್ ಕೆಲಸ ಅಲ್ಲಿ?”

“ಬಡದಾಡಿದವರಿಗೆ ಪಟ್ಟಿ ಕಟ್ಟೋದು.”

ಅಪ್ಪ ನಕ್ಕು ಕಾರಿನ ಕೀಲಿ ತೆಗೆದುಕೊಂಡರು. ಆ ಋತುವಿಡೀ ಅವರೇ ನನ್ನನ್ನು ಮೈದಾನಕ್ಕೆ ಬಿಟ್ಟು, ಕಾರಿನಲ್ಲಿ ಕುಳಿತು ಪೇಪರ್ ಓದಿ, ಮತ್ತೆ ಕರೆದುಕೊಂಡು ಬಂದರು.

ಮೈದಾನ ಕ್ಯಾಂಪಸ್ಸಿನ ಹಿಂಬದಿಯಲ್ಲಿತ್ತು. ಬೇಲಿಯಾಚೆ ಬರೀ ಮರಳು. ಜನವರಿಯ ರಜಾದಿನಗಳಲ್ಲಿ ಬೆಳಗ್ಗೆ ಅಭ್ಯಾಸಕ್ಕೆ ಹೋದಾಗ ಮಂಜು ಎಷ್ಟು ದಟ್ಟವಾಗಿರುತ್ತಿತ್ತೆಂದರೆ ಒಂದು ತುದಿಯ ಗೋಲು ಕಂಬದಿಂದ ಇನ್ನೊಂದು ತುದಿಯದು ಕಾಣುತ್ತಿರಲಿಲ್ಲ. ತಂಡದಲ್ಲಿ ಇದ್ದವರೇ ಕಡಿಮೆ. ಜೋರ್ಡಾನ್, ಈಜಿಪ್ಟ್, ನೈಜೀರಿಯಾ, ಪಾಕಿಸ್ತಾನ, ಕೇರಳದ ಹುಡುಗರು. ಹೆಚ್ಚಿನವರು ಬೇರೆ ತಂಡಗಳಲ್ಲಿ ಜಾಗ ಸಿಗದೆ ಬಂದವರು. ಕೋಚ್ ಟೆಕ್ಸಾಸಿನವರು. ಹಗಲು ಒಂದು ಶಾಲೆಯಲ್ಲಿ ಗಣಿತ ಕಲಿಸಿ ಸಂಜೆ ಇಲ್ಲಿಗೆ ಬರುತ್ತಿದ್ದರು. ಎತ್ತರದ ಆಳು, ಮೆಲ್ಲಗಿನ ಮಾತು. ಮಗ್ರಿಬ್‌ನ ಮುಸ್ಸಂಜೆಯ ಬಾಂಗ್ ಕೇಳಿದ ಕೂಡಲೇ ಸೀಟಿ ಊದಿ ಅಭ್ಯಾಸ ನಿಲ್ಲಿಸುತ್ತಿದ್ದರು. ಪ್ರಾರ್ಥನೆ ಮಾಡುವವರು ಗೆರೆಯ ಆಚೆ ಸಾಲಾಗಿ ನಿಲ್ಲುತ್ತಿದ್ದರು, ಉಳಿದವರು ದನಿ ತಗ್ಗಿಸಿ ನೀರು ಕುಡಿಯುತ್ತಿದ್ದರು. ಮುಗಿದ ಮೇಲೆ ಅದೇ ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಳ್ಳುವ ಸದ್ದು ಪಾರ್ಕಿಂಗ್‌ವರೆಗೂ ಕೇಳುತ್ತಿತ್ತು.

ತಂಡಕ್ಕೆ ಅದು ಎರಡನೆಯ ವರ್ಷ. ಮೊದಲನೆಯ ವರ್ಷ ಆಡಿದ್ದೆಲ್ಲ ಸೋಲು. ಅಭ್ಯಾಸ ಶುರುವಾದ ವಾರವೇ ಕ್ರೀಡಾ ವಿಭಾಗದ ಮುಖ್ಯಸ್ಥರು ಮೈದಾನಕ್ಕೆ ಬಂದು, ಎಲ್ಲರನ್ನೂ ಕೂರಿಸಿ ಹೇಳಿದ್ದರು: ಈ ವರ್ಷ ಒಂದು ಪಂದ್ಯವಾದರೂ ಗೆಲ್ಲಿ. ಇಲ್ಲದಿದ್ದರೆ ಮುಂದಿನ ವರ್ಷ ಈ ತಂಡ ಇರುವುದಿಲ್ಲ. ಅವರು ಒರಟಾಗಿ ಹೇಳಲಿಲ್ಲ. ಹುಡುಗರು ತಲೆ ತಗ್ಗಿಸಿ ಹುಲ್ಲು ಕೀಳುತ್ತ ಕೇಳಿಸಿಕೊಂಡರು. ಒಬ್ಬ ಮಾತ್ರ ತಲೆಯೆತ್ತಿ ಕೇಳಿದ: “ಒಂದೇ ಸಾಕಾ, ಸರ್?”

ಅವನು ಇಮ್ರಾನ್. ಭಟ್ಕಳದವನು, ಮನೆಮಾತು ನವಾಯತಿ. ಹತ್ತನೆಯವರೆಗೆ ಊರಿನಲ್ಲೇ ಓದಿ ಬಂದದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ದುಬೈಯ ಸತ್ವಾದಲ್ಲಿ ಅವನ ತಂದೆಯದು ದರ್ಜಿಗಳಿಗೆ ನೂಲು, ಗುಂಡಿ, ಲೈನಿಂಗ್ ಬಟ್ಟೆ ಮಾರುವ ಅಂಗಡಿ. ಇಮ್ರಾನ್ ಅಗಲವಾದ ಹುಡುಗ. ಬಾಗಿಲಲ್ಲಿ ನಿಂತರೆ ಬೆಳಕು ಕಡಿಮೆಯಾಗುತ್ತಿತ್ತು. ಮೊದಲ ದಿನ ಬೆರಳಿಗೆ ಪಟ್ಟಿ ಸುತ್ತಿಸಿಕೊಳ್ಳಲು ಬಂದವನು ಮಡಚುವ ಮೇಜಿನ ಮೇಲೆ ಕೂರಲು ಹಿಂಜರಿದ.

“ಇದು ತಡೀತದಾ ಡಾಕ್ಟ್ರೇ? ಮುರಿದರೆ ನನ್ನ ಮೇಲೆ ಹಾಕ್ಬೇಡಿ.”

“ನಾನಿನ್ನೂ ಡಾಕ್ಟರ್ ಅಲ್ಲ,” ಎಂದೆ.

“ಮೇಜು ಮುರಿದ್ಮೇಲೆ ಅದನ್ನೂ ಹೇಳಿ.”

ಅವನು ಸೆಂಟರ್. ಹನ್ನೊಂದು ಜನರಲ್ಲಿ ಮುಂದಿನ ಸಾಲಿನ ನಟ್ಟನಡುವೆ ಬಗ್ಗಿ ನಿಂತು, ಚೆಂಡನ್ನು ತನ್ನ ಕಾಲುಗಳ ನಡುವಿನಿಂದ ಹಿಂದೆ ನಿಂತವನಿಗೆ ಕೊಡುವವನು. ಅವನ ಕೈ ಅಲುಗುವವರೆಗೆ ಆಟ ಶುರುವಾಗುವಂತಿಲ್ಲ. ಅಲುಗಿದ ಮರುಕ್ಷಣ ಎದುರಿನ ದೊಡ್ಡ ಆಳು ಅವನ ಮೇಲೆ ಬೀಳುತ್ತಾನೆ. ಚೆಂಡು ಹಿಡಿದು ಓಡಿದವನಿಗೆ ಚಪ್ಪಾಳೆ ಸಿಗುತ್ತದೆ. ಸೆಂಟರ್ ಎದ್ದು ಪ್ಯಾಂಟು ಕೊಡವಿಕೊಂಡು ಮತ್ತೆ ಬಗ್ಗುತ್ತಾನೆ.

ಈ ಆಟ ಯಾಕೆ ಹಿಡಿಸಿತು ಎಂದು ನಾನು ಕೇಳಿರಲಿಲ್ಲ. ಒಂದು ಸಂಜೆ ಅವನೇ ಹೇಳಿದ. “ಅಂಗಡಿಯಲ್ಲಿ, ಬಸ್ಸಲ್ಲಿ, ಕ್ಲಾಸಲ್ಲಿ, ಎಲ್ಲಿ ಹೋದ್ರೂ ನಾನು ಅಡ್ಡ ಡಾಕ್ಟ್ರೇ. ಕ್ರಿಕೆಟಿಗೆ ಹೋದೆ, ಓಡ್ಲಿಕ್ಕೆ ಬರೂದಿಲ್ಲ ಅಂದ್ರು. ಇಲ್ಲಿ ಅಡ್ಡ ನಿಲ್ಲೂದೇ ಕೆಲಸ. ಇದು ಹೋದ್ರೆ ಮತ್ತೆ ಬಸ್ಸಲ್ಲಿ ಹೊಟ್ಟೆ ಒಳಗೆ ಎಳ್ಕೊಂಡು ನಿಲ್ಲೂದು.” ನಗುತ್ತಲೇ ಹೇಳಿದ. ಅಂದಿನಿಂದ ಆ ಒಂದು ಗೆಲುವು ನನಗೂ ಬೇಕೆನಿಸತೊಡಗಿತು.

ಅವನ ಕೈಯಿಂದ ಚೆಂಡು ಪಡೆಯುವವನು ಬಸು. ಬಾಗಲಕೋಟೆಯವನು. ತಂದೆ ಅಬುಧಾಬಿಯ ಬನಿಯಾಸ್‌ನಲ್ಲಿ ಡಾಕ್ಟರ್. ಬಸು ತೆಳ್ಳಗೆ, ಚುರುಕು; ಬೌಂಡರಿಯಿಂದ ಚೆಂಡೆಸೆದು ಪಳಗಿದ ತೋಳು ಅವನದು. ಇಬ್ಬರೂ ದಿನವಿಡೀ ಕನ್ನಡದಲ್ಲಿ ಜಗಳವಾಡುತ್ತಿದ್ದರು.

“ಲೇ, ಚೆಂಡು ಕೊಡಾಕತ್ತೀಯೋ, ಕಲ್ಲ ಒಗ್ಯಾಕತ್ತೀಯೋ? ಬೆರಳು ಹೋಗಿದ್ವು ನನ್ನವು.”

“ನಿನ್ನ ಕೈ ಬೆಣ್ಣೆ ಮಾರಾಯ. ಅಮ್ಮನಿಗೆ ಹೇಳಿ ಬೇರೆ ಕೈ ತರ್ಸು.”

ಮೊದಲ ಮೂರು ಪಂದ್ಯಗಳು ಸೋಲಾದವು. ಎದುರಾಳಿಗಳಲ್ಲಿ ಹೆಚ್ಚಿನವರು ಕ್ಲಬ್ಬುಗಳವರು, ದುಡಿಯುವ ಗಂಡಸರು, ನಮ್ಮ ಹುಡುಗರಿಗಿಂತ ದಪ್ಪ, ಅನುಭವಿಗಳು. ಈ ಆಟದಲ್ಲಿ ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಸಿಗುತ್ತವೆ. ಪ್ರತಿ ಪ್ರಯತ್ನಕ್ಕೂ ಮುಂಚೆ ಹುಡುಗರು ದೂರ ಹೋಗಿ ಗುಂಪುಗೂಡಿ, ಯಾವ ಕಡೆಯಿಂದ ನುಗ್ಗುವುದು, ಯಾವ ಎಣಿಕೆಗೆ ಚೆಂಡು ಬಿಡುವುದು ಎಂದು ಗುಟ್ಟಾಗಿ ನಿರ್ಧರಿಸಿ ಬರುತ್ತಾರೆ. ಅಷ್ಟು ಹೊತ್ತಿನಲ್ಲಿ ಎದುರಿನ ದಪ್ಪ ಆಳುಗಳು ಚೆನ್ನಾಗಿ ಉಸಿರು ತೆಗೆದುಕೊಳ್ಳುತ್ತಿದ್ದರು.

ಮೂರನೆಯ ಪಂದ್ಯ ಮುಗಿದ ಮೇಲೆ ಕೋಚ್ ನನ್ನ ಮೇಜಿನ ಬಳಿ ಬಂದು ನಿಂತರು. ಬಸು ಮತ್ತು ಇಮ್ರಾನ್ ಎಂದಿನಂತೆ ವಾದಿಸುತ್ತಿದ್ದರು. ಕೋಚ್ ಸ್ವಲ್ಪ ಹೊತ್ತು ಆಲಿಸಿ, ಇದು ಯಾವ ಭಾಷೆ ಎಂದು ನನ್ನನ್ನು ಕೇಳಿದರು. ಹೇಳಿದೆ. ಈ ಲೀಗಿನಲ್ಲಿ ಬೇರೆ ಯಾರಿಗೆ ಇದು ಬರುತ್ತದೆ ಎಂದರು. ಗೊತ್ತಿಲ್ಲ ಎಂದೆ. ಅವರು ಗಣಿತದ ಲೆಕ್ಕ ಬಿಡಿಸಿದವರಂತೆ ಮುಗುಳ್ನಕ್ಕರು. ಇನ್ನು ಮೇಲೆ ದೂರ ಹೋಗಿ ಗುಂಪುಗೂಡುವುದು ಬೇಡ. ಗೆರೆಯ ಮೇಲೇ ನಿಂತು, ಎದುರಾಳಿಯ ಮುಖಕ್ಕೇ, ಈ ಭಾಷೆಯಲ್ಲಿ ಕೂಗಿ ಹೇಳೋಣ. ಅವರು ಉಸಿರು ತೆಗೆದುಕೊಳ್ಳುವ ಮುಂಚೆಯೇ ಆಡೋಣ. ದಪ್ಪ ಆಳುಗಳನ್ನು ದಣಿಸುವುದಕ್ಕೆ ಬೇರೆ ದಾರಿಯಿಲ್ಲ.

ಬೇಕಾದದ್ದು ಕೆಲವೇ ಮಾತು: ಎಡ, ಬಲ, ನಡುವೆ, ಮೇಲೆ, ಒಂದರಿಂದ ಐದು. ಆದರೆ ಇಡೀ ತಂಡ ಅವನ್ನು ಕಲಿಯಬೇಕಿತ್ತು. ಕಲಿಸುವ ಕೆಲಸ ಅರಿವಿಲ್ಲದೆಯೇ ನನ್ನ ಮೇಜಿಗೆ ಬಂತು, ಏಕೆಂದರೆ ಪ್ರತಿಯೊಬ್ಬನೂ ದಿನಕ್ಕೊಮ್ಮೆ ನನ್ನೆದುರು ಕಾಲು ಚಾಚಿ ಸುಮ್ಮನೆ ಕೂರಲೇಬೇಕಿತ್ತು. ಎಡಗಾಲು ಹಿಡಿದಾಗ ‘ಎಡ’ ಎನ್ನುತ್ತಿದ್ದೆ, ಬಲಗಾಲು ಹಿಡಿದಾಗ ‘ಬಲ’. ಪಟ್ಟಿಯ ಒಂದೊಂದು ಸುತ್ತಿಗೂ ಒಂದು, ಎರಡು, ಮೂರು. ತಪ್ಪು ಹೇಳಿದರೆ ಪಾದ ಬಿಡುತ್ತಿರಲಿಲ್ಲ. ನಾನು ಮಾತು ಕಡಿಮೆಯವಳು. ಆ ಮೇಜಿನ ಬಳಿ ದಿನವೂ ಇವಷ್ಟೇ ಮಾತುಗಳನ್ನು ಆಡಿದೆ, ಅಷ್ಟೇ ಸಾಕಾಯಿತು.

ತಾರಿಕ್ ಎಂಬ ಜೋರ್ಡಾನಿನ ಹುಡುಗ ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ನಿಧಾನ. ಇಮ್ರಾನನ ಪಕ್ಕದಲ್ಲಿ ನಿಲ್ಲುವವನು. ಎರಡು ವಾರ ಅವನಿಗೆ ಎಡ-ಬಲ ಅದಲು ಬದಲಾಗುತ್ತಿತ್ತು.

“ಯಲ್ಲಾ ತಾರಿಕ್, ಯಾವ ಕಾಲು ಇದು?” ಎಂದು, ನಾನು ಅವನ ಎಡಗಾಲು ಹಿಡಿದಿರುವಾಗ, ಇಮ್ರಾನ್ ಹಿಂದಿನಿಂದ ಕೇಳುವನು.

“ಬಲ.”

“ಖಲಾಸ್. ಇವತ್ತು ನೀನು ಇಲ್ಲೇ ಮಲಗು. ಡಾಕ್ಟ್ರು ಕಾಲು ಕೊಡೂದಿಲ್ಲ.”

ಒಂದು ದಿನ ತಾರಿಕ್ ಕ್ಯಾಂಟೀನಿನಲ್ಲಿ ಟೀ ಬೇಕೆಂದು ಬೆರಳೆತ್ತಿ “ಎರಡು” ಎಂದನಂತೆ. ಮಲಯಾಳಿ ಕೆಲಸಗಾರ ಸಲೀಸಾಗಿ ಎರಡು ಕೊಟ್ಟನಂತೆ. ತಂಡಕ್ಕೆ ಅದು ಪಂದ್ಯ ಗೆದ್ದಷ್ಟೇ ಸಂತೋಷದ ಸುದ್ದಿ.

ಮಾರ್ಚ್ ಬಂತು. ಗೆರೆಯ ಮೇಲೆ ನಿಂತು ಬಸು “ಎಡ, ಮೂರು” ಎಂದು ಕೂಗುವುದು, ಹನ್ನೊಂದು ಜನ ಒಂದೇ ಆಳಿನಂತೆ ಎಡಕ್ಕೆ ನುಗ್ಗುವುದು ನೋಡಲು ಎಷ್ಟು ಚೆನ್ನಾಗಿತ್ತೆಂದರೆ ಅಪ್ಪ ಪೇಪರ್ ಬಿಟ್ಟು ಬೇಲಿಯ ಹತ್ತಿರ ಬಂದು ನಿಲ್ಲತೊಡಗಿದರು. “ನಮ್ಮ ಮಾತು ಕೇಳಿ ಆ ಕರಿಯ ಹುಡುಗ ಎಷ್ಟು ಚಂದ ತಿರುಗತಾನ ನೋಡವಾ,” ಎಂದರೊಮ್ಮೆ, ನೈಜೀರಿಯಾದವನನ್ನು ತೋರಿಸಿ. ಆಮೇಲೆ ಅವನ ಹೆಸರು ಕೇಳಿಕೊಂಡು ಹೆಸರಿನಿಂದಲೇ ಕರೆಯತೊಡಗಿದರು. ಮುಂದಿನ ಪಂದ್ಯದಲ್ಲಿ ಸ್ವಲ್ಪದರಲ್ಲಿ ಸೋತೆವು. ಅದರ ಮುಂದಿನದರಲ್ಲಿ ಕೊನೆಯ ಕಾಲು ಭಾಗ ಬಾಕಿಯಿದ್ದಾಗ ಮುಂದಿದ್ದೆವು. ಆಗ ಬೇಲಿಯಾಚೆಯ ಮರಳು ಎದ್ದಿತು. ಮೊದಲು ದೂರದ ಕಟ್ಟಡಗಳು ಮಾಯವಾದವು, ಆಮೇಲೆ ಗೋಲು ಕಂಬ, ಆಮೇಲೆ ಪಕ್ಕದಲ್ಲಿ ನಿಂತ ಕೋಚ್. ಪಂದ್ಯ ನಿಲ್ಲಿಸಿದರು. ಅರ್ಧಕ್ಕೆ ನಿಂತ ಪಂದ್ಯ ಲೆಕ್ಕಕ್ಕಿಲ್ಲವೆಂದು ಲೀಗಿನವರು ತೀರ್ಮಾನಿಸಿದರು. ಹುಡುಗರು ಬಾಯಿಗೆ ಟವೆಲ್ ಕಟ್ಟಿಕೊಂಡು ಪಾರ್ಕಿಂಗಿನಲ್ಲಿ ನಿಂತಿದ್ದ ಬಸ್ಸಿನಲ್ಲಿ ಕುಳಿತಿದ್ದರು. ಯಾರೂ ಬೈಯಲಿಲ್ಲ. ಇಮ್ರಾನ್ ಕಣ್ಣಿನ ಮರಳು ಒರೆಸಿಕೊಳ್ಳುತ್ತ, “ಇನ್ನೊಂದು ಉಂಟಲ್ಲ,” ಎಂದ.

ಆ ಇನ್ನೊಂದು ಅಬುಧಾಬಿಯ ಕ್ಲಬ್ ತಂಡದ ಮೇಲೆ, ಏಪ್ರಿಲ್ ಕೊನೆಯಲ್ಲಿ, ಬನಿಯಾಸ್ ಹತ್ತಿರದ ಮೈದಾನದಲ್ಲಿ. ಅಷ್ಟರಲ್ಲಿ ಸೆಕೆ ಶುರುವಾಗಿತ್ತು. ಸಂಜೆಯಾದರೂ ಗಾಳಿ ಒದ್ದೆ ಬಟ್ಟೆಯಂತೆ ಮುಖಕ್ಕೆ ಅಂಟುತ್ತಿತ್ತು. ಬಸುವಿನ ತಾಯಿ ಡಬ್ಬಿ ತುಂಬ ಶೇಂಗಾ ಹೋಳಿಗೆ ಮಾಡಿ ತಂದು ಬೆಂಚಿನ ಮೇಲಿಟ್ಟು, “ಗೆದ್ರ ತಿನ್ರಿ, ಸೋತ್ರೂ ತಿನ್ರಿ,” ಎಂದು ಹೇಳಿ ಮೆಟ್ಟಿಲ ಮೇಲೆ ಹೋಗಿ ಕುಳಿತರು.

ಮೊದಲರ್ಧ ನಮ್ಮದು. ಬಸು ಕೂಗುತ್ತಿದ್ದ, ಹುಡುಗರು ನುಗ್ಗುತ್ತಿದ್ದರು, ಎದುರಿನ ಗಂಡಸರು ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದರು. ಎರಡು ಸಲ ಚೆಂಡನ್ನು ಕೊನೆಯ ಗೆರೆ ದಾಟಿಸಿದೆವು. ಒಂದು ಸಲ ದಾಟಿಸಿದರೆ ಆರು ಅಂಕ, ಆಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೊಂದು ಸಿಗುತ್ತದೆ. ನಮ್ಮಲ್ಲಿ ಸರಿಯಾಗಿ ಒದೆಯುವವನೇ ಇರಲಿಲ್ಲ, ಎರಡೂ ಹೊರಗೆ ಹೋದವು. ಆದರೂ ಹನ್ನೆರಡು–ಸೊನ್ನೆ.

ವಿರಾಮದ ಹೊತ್ತಿಗೆ ಅವರ ಕಡೆ ಒಬ್ಬ ಕೆಲಸದ ಪಾಳಿ ಮುಗಿಸಿ, ಕಂಪನಿಯ ಅಂಗಿಯಲ್ಲೇ ಓಡೋಡಿ ಬಂದ. ಇಮ್ರಾನನಷ್ಟೇ ಅಗಲ. ಬಟ್ಟೆ ಬದಲಿಸಿ ಇಮ್ರಾನನ ಎದುರೇ ಬಗ್ಗಿ ನಿಂತ. ಬಸು “ಎಡ, ಎರಡು” ಎಂದು ಕೂಗಿದ. ಹೊಸಬ ಹೆಲ್ಮೆಟ್ಟಿನೊಳಗಿಂದ ತನ್ನವರಿಗೆ ಇಂಗ್ಲಿಷಿನಲ್ಲಿ ಏನೋ ಕೂಗಿದ. ನಮ್ಮವರು ಎಡಕ್ಕೆ ಹೋದಾಗ ಅಲ್ಲಿ ಅವರೆಲ್ಲ ಕಾದಿದ್ದರು. “ಬಲ, ಒಂದು.” ಅಲ್ಲೂ ಕಾದಿದ್ದರು. ಮೂರನೆಯ ಸಲ ಇಮ್ರಾನ್ ಅಂಗಾತ ಬಿದ್ದ. ಅವನನ್ನು ಎತ್ತಲು ಕೈ ಕೊಟ್ಟ ಹೊಸಬ ಹೇಳಿದ:

“ಎಂತ ಮಾರಾಯ, ಊರು ಯಾವುದು?”

ಅವನ ಹೆಸರು ರೋಶನ್, ಮಂಗಳೂರಿನವನು.

ಅಲ್ಲಿಂದ ಪಂದ್ಯ ಕೈಜಾರಿತು. ಅವರೂ ಎರಡು ಸಲ ಗೆರೆ ದಾಟಿದರು. ಅವರಿಗೆ ಒದೆಯುವವನಿದ್ದ: ಹದಿನಾಲ್ಕು–ಹನ್ನೆರಡು. ಬಸುವಿನ ಮುಖ ಸಣ್ಣದಾಯಿತು. ನೀರು ಕುಡಿಯಲು ಬಂದಾಗ ಅವಸರವಸರವಾಗಿ ಎಲ್ಲರಿಗೂ ಹೇಳಿದ: ಇನ್ನು ಉಲ್ಟಾ, ಎಡ ಅಂದರೆ ಬಲ, ಬಲ ಅಂದರೆ ಎಡ. ಎಲ್ಲರೂ ತಲೆಯಾಡಿಸಿದರು. ಬಸು “ಎಡ” ಎಂದು ಕೂಗಿದ. ಅರ್ಧ ತಂಡ ಬಲಕ್ಕೆ ತಿರುಗಿತು. ತಾರಿಕ್ ಮತ್ತು ಉಳಿದವರು ಎಡಕ್ಕೇ ನುಗ್ಗಿದರು. ತಿಂಗಳುಗಟ್ಟಲೆ ಪಾದದ ಮೂಲಕ ಕಲಿತ ಮಾತನ್ನು ಒಂದು ಗುಟುಕು ನೀರು ಕುಡಿಯುವಷ್ಟರಲ್ಲಿ ತಿರುಗಿಸಲು ಅವರಿಂದಾಗಲಿಲ್ಲ. ನಮ್ಮವರೇ ನಮ್ಮವರಿಗೆ ಡಿಕ್ಕಿ ಹೊಡೆದರು. ತಾರಿಕ್ ಇಮ್ರಾನನ ಕೈಯ ಮೇಲೆ ಬಿದ್ದ.

ಮೈದಾನದ ಡಾಕ್ಟರ್ ನೋಡಿ, ಮೂಳೆ ಮುರಿದಿಲ್ಲ, ಬೇಕಿದ್ದರೆ ಆಡಲಿ ಎಂದರು. ಉಂಗುರ ಬೆರಳು ಊದಿತ್ತು. ನಾನು ಅದನ್ನು ಪಕ್ಕದ ಬೆರಳಿಗೆ ಜೋಡಿಸಿ ಪಟ್ಟಿ ಸುತ್ತಿದೆ. ತಾರಿಕ್ ಪಕ್ಕದಲ್ಲೇ ನಿಂತು ಮತ್ತೆ ಮತ್ತೆ ಕ್ಷಮೆ ಕೇಳುತ್ತಿದ್ದ.

“ಇವತ್ತು ಸರಿಯಾಗಿ ಎಡಕ್ಕೆ ಹೋದವನು ನೀನೊಬ್ಬನೇ ಮಾರಾಯ,” ಎಂದು ಇಮ್ರಾನ್ ಅವನಿಗೆ ಇಂಗ್ಲಿಷಿನಲ್ಲಿ ಹೇಳಿ, ಬಸುವಿನ ಕಡೆ ತಿರುಗಿದ. “ಉಲ್ಟಾ ಬೇಡ. ಗುಟ್ಟೂ ಬೇಡ. ಎಲ್ರಿಗೂ ಗೊತ್ತಾಗ್ಲಿ. ನಡುವೆ, ಒಂದಕ್ಕೆ. ಪ್ರತಿ ಸಲ.”

“ನಡುವ ಅಂದ್ರ ನಿನ್ನ ಬೆನ್ನ ಹಿಂದ. ಹುಚ್ಚ ಹಿಡದತೇನಲೇ? ಅವರೆಲ್ಲಾರೂ ನಿನ್ನ ಮ್ಯಾಲೇ ಬೀಳತಾರ.”

“ಬೀಳ್ಲಿ. ತಾರಿಕನಿಗೆ ಅದೊಂದು ಕಡೆ ತಪ್ಪೂದಿಲ್ಲ. ಎಲ್ರೂ ಒಟ್ಟಿಗೆ ತಳ್ಳಿದ್ರೆ ಎರಡು ಮೂರು ಗಜ ಆದ್ರೂ ಹೋಗ್ತದೆ. ನೋವಾದ್ರೆ ಡಾಕ್ಟ್ರು ಇದ್ದಾರೆ.”

“ಬೆರಳು ನೋಯೋದಿಲ್ಲೇನು?” ಎಂದು ಕೇಳಿದೆ.

“ನೋಯ್ತದೆ,” ಎಂದು ಎದ್ದ.

ಬಸು ಉಳಿದವರಿಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಿದ. ಕೋಚ್ ಇಮ್ರಾನನ ಮುಖ ನೋಡಿ ತಲೆಯಾಡಿಸಿದರು. ಮುಂದಿನದನ್ನು ಬಸು ಆಮೇಲೆ ಎಲ್ಲರಿಗೂ ಎಷ್ಟೋ ಸಲ ಹೇಳಿದ. ಗೆರೆಯ ಮೇಲೆ ಬಗ್ಗುತ್ತ ಇಮ್ರಾನ್ ಎದುರಿನವನಿಗೆ ಹೇಳಿದನಂತೆ: “ರೋಶನ್, ನಡುವೆ ಬರ್ತೇವೆ. ಒಂದಕ್ಕೆ.”

“ಸುಳ್ಳು ಹೇಳ್ಬೇಡ ಮಾರಾಯ.”

ರೋಶನ್ ನಂಬಲಿಲ್ಲ. ಮೂರು ಗಜ ಹೋದೆವು. ಎರಡನೆಯ ಸಲವೂ ಅದನ್ನೇ ಹೇಳಿದ. ರೋಶನ್ ಅರ್ಧ ನಂಬಿದ, ಮತ್ತೆ ಮೂರು ಗಜ. ಮೂರನೆಯ ಸಲ ಪೂರ್ತಿ ನಂಬಿ ತನ್ನವರನ್ನೆಲ್ಲ ನಡುವಿಗೆ ಕರೆದ. ಆದರೂ ಎರಡು ಗಜ. ಬೆಂಚಿನ ಬಳಿ ನಿಂತ ನನಗೆ ಬಸುವಿನ ಕೂಗೊಂದೇ ಕೇಳುತ್ತಿತ್ತು: “ನಡುವೆ, ಒಂದು.” ಮತ್ತೆ “ನಡುವೆ, ಒಂದು.” ಗಡಿಯಾರದ ಮೇಲೆ ಕಣ್ಣಿಟ್ಟವರು ಕೋಚ್ ಒಬ್ಬರೇ. ನಾನು ಇಮ್ರಾನನ ಬೆನ್ನನ್ನೇ ನೋಡುತ್ತಿದ್ದೆ. ಅವನ ಕಾಲುಗಳು ಹುಲ್ಲನ್ನು ಅಗೆದು ಅಗೆದು ಮಣ್ಣು ಕಾಣುತ್ತಿತ್ತು. ನಾನು ಪುಸ್ತಕದಲ್ಲಿ ಓದಿದ್ದ ಎಲ್ಲ ಸ್ನಾಯುಗಳೂ ಆ ಬೆನ್ನಿನಲ್ಲಿ, ತೊಡೆಗಳಲ್ಲಿ ಕೆಲಸ ಮಾಡುತ್ತಿದ್ದವು. ಅವು ಯಾಕೆ ಸೋತು ನಿಲ್ಲುತ್ತಿಲ್ಲ ಎಂದು ಮಾತ್ರ ಪುಸ್ತಕ ಹೇಳಿರಲಿಲ್ಲ. ಪ್ರತಿ ಸಲವೂ ಐದಾರು ಜನ ಅವನ ಮೇಲೆ ಬೀಳುವರು. ಪ್ರತಿ ಸಲವೂ ಎಲ್ಲರೂ ಎದ್ದ ಮೇಲೆ ಅವನು ಏಳುವನು. ಪಟ್ಟಿ ಸುತ್ತಿದ ಬೆರಳುಗಳನ್ನು ಒಮ್ಮೆ ಕೊಡವಿ ಮತ್ತೆ ಬಗ್ಗುವನು. ಮೆಟ್ಟಿಲ ಮೇಲೆ ಬಸುವಿನ ತಾಯಿ ಎದ್ದು ನಿಂತಿದ್ದರು. ಅಪ್ಪ ಬೇಲಿಯ ಸರಳು ಹಿಡಿದುಕೊಂಡಿದ್ದರು.

ಕೊನೆಗೆ ಗೆರೆಗೆ ಒಂದೇ ಗಜ ಉಳಿಯಿತು, ಸಮಯ ಒಂದೇ ಪ್ರಯತ್ನಕ್ಕೆ ಸಾಕಾಗುವಷ್ಟು. ಮೈದಾನದಲ್ಲಿ ಇದ್ದವರಿಗೆಲ್ಲ ಅದು ಎಲ್ಲಿ ಬರುತ್ತದೆಂದು ಗೊತ್ತಿತ್ತು. ಅವರ ಹನ್ನೊಂದೂ ಜನ ನಡುವೆ ಒತ್ತಿಕೊಂಡು ನಿಂತರು. ಬಸು ಎಂದಿನ ದನಿಯಲ್ಲೇ ಕೂಗಿದ. ಎರಡು ಸಾಲುಗಳು ಡಿಕ್ಕಿಯಾಗಿ ಒಂದು ಕ್ಷಣ ಹಾಗೆಯೇ ನಿಂತವು, ಯಾವ ಕಡೆಗೂ ಅಲುಗಲಿಲ್ಲ. ಆಮೇಲೆ ನಿಧಾನವಾಗಿ, ಗೋಡೆ ವಾಲಿದ ಹಾಗೆ, ಎಲ್ಲರೂ ಅತ್ತ ಕಡೆ ಉರುಳಿದರು.

ಸೀಟಿ ಕೇಳಿಸಿತು. ತೀರ್ಪುಗಾರರು ಮಂಡಿಯೂರಿ ಒಬ್ಬೊಬ್ಬರನ್ನೇ ಎಳೆದು ತೆಗೆಯುತ್ತ ಚೆಂಡು ಹುಡುಕುತ್ತಿದ್ದರು. ದಾಟಿಲ್ಲ ಎಂದು ಎದುರಾಳಿಗಳು ಕೈಯಾಡಿಸುತ್ತಿದ್ದರು, ದಾಟಿದೆ ಎಂದು ನಮ್ಮವರು. ಇಮ್ರಾನ್ ಏಳಲಿಲ್ಲ. ನಾನು ಚೀಲ ಹಿಡಿದು ಓಡಿದೆ. ಅವನು ಬೋರಲು ಬಿದ್ದಿದ್ದ, ಮುಖ ಹುಲ್ಲಿನಲ್ಲಿ. ಅವನಡಿ ಅರ್ಧ ಸಿಕ್ಕಿಕೊಂಡು ರೋಶನ್ ಅಂಗಾತ ಬಿದ್ದಿದ್ದ, ತಲೆ ಗೆರೆಯ ಆಚೆಗೆ. ನಾನು ಮಂಡಿಯೂರಿ ಇಮ್ರಾನನ ಕತ್ತಿನ ಮೇಲೆ ಕೈಯಿಟ್ಟೆ. ಅಲುಗಬೇಡ, ಎಲ್ಲಿ ನೋವು ಎಂದು ಕೇಳಿದೆ.

“ಹೋಯ್ತಾ?” ಎಂದು ಇಮ್ರಾನ್ ರೋಶನನನ್ನು ಕೇಳಿದ.

ರೋಶನ್ ತಲೆ ತಿರುಗಿಸಿ ನೋಡಿದ. ಅವನ ಗೆಳೆಯರು ಇನ್ನೂ ಕೂಗುತ್ತಲೇ ಇದ್ದರು.

“ಹೋಯ್ತು ಮಾರಾಯ,” ಎಂದ. “ನಿಮ್ಮ ಸಪೂರ ಹುಡುಗ ಚೆಂಡು ಅಪ್ಪಿಕೊಂಡು ಇಲ್ಲೇ ಬಿದ್ದಿದ್ದಾನೆ, ಗೆರೆ ದಾಟಿ. ನಮ್ಮವ್ರು ಇಲ್ಲ ಅಂತಾ ಇದ್ದಾರೆ. ಆದ್ರೆ ಹೋಗಿದೆ.”

ಆಗಲೇ ತೀರ್ಪುಗಾರರು ಎದ್ದು, ಚೆಂಡು ಗೆರೆ ದಾಟಿದೆ ಎಂದು ಎರಡೂ ಕೈ ಮೇಲೆತ್ತಿದರು. ನಮ್ಮ ಬೆಂಚು ಖಾಲಿಯಾಗಿ ಹುಡುಗರೆಲ್ಲ ನಮ್ಮ ಕಡೆ ಓಡಿ ಬರುತ್ತಿದ್ದರು. ನನ್ನ ಅಂಗೈಯ ಕೆಳಗೆ ಇಮ್ರಾನನ ಕತ್ತು ಬಿಗಿ ಬಿಟ್ಟು ಸಡಿಲವಾಯಿತು.

“ಹಾಗಾದ್ರೆ ಮುಂದಿನ ವರ್ಷ ಉಂಟು,” ಎಂದ ಅವನು, ಹುಲ್ಲಿನಿಂದ ಮುಖ ಎತ್ತದೆಯೇ.